ಗಲ್ಲಾಪೆಟ್ಟಿಗೆಯ ಎರಡು ಬದಿ: ತಂದೆ–ಮಗನ ಜಗಳದ ನಗೆಯನ್ನು ಕುರಿತು

೧

ತಂದೆ ಮತ್ತು ಮಗನ ಸಂಘರ್ಷ ಕನ್ನಡ ಸಾಹಿತ್ಯಕ್ಕೆ ಹೊಸ ವಸ್ತುವೇನಲ್ಲ. ಮಾಸ್ತಿಯವರ ‘ಸುಬ್ಬಣ್ಣ’ದಲ್ಲಿ ಮಗನ ಸಂಗೀತಕ್ಕೂ ತಂದೆಯ ವಿದ್ವತ್ತಿಗೂ ಹೊಂದಿಕೆಯಾಗುವುದಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರು ಕಟ್ಟಿದ್ದನ್ನು ಮಗ ಲಚ್ಚ ಕೆಡವುತ್ತಾನೆ. ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ ತಂದೆ ಮಗನ ಯೌವನವನ್ನೇ ಬೇಡುತ್ತಾನೆ. ಈ ಕೃತಿಗಳನ್ನು ಕುರಿತು ನಮ್ಮ ವಿಮರ್ಶೆ ಬಹಳಷ್ಟು ಬರೆದಿದೆ. ಆದರೆ ಆ ಬರವಣಿಗೆಯನ್ನು ಒಟ್ಟಾಗಿ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ತಂದೆಯನ್ನು ಸಂಪ್ರದಾಯದ ಪ್ರತಿನಿಧಿಯಾಗಿಯೂ ಮಗನನ್ನು ಆಧುನಿಕತೆಯ ಪ್ರತಿನಿಧಿಯಾಗಿಯೂ ನಿಲ್ಲಿಸಿ, ಅವರ ಜಗಳವನ್ನು ಎರಡು ಕಾಲಗಳ ಮುಖಾಮುಖಿಯೆಂದು ವಿವರಿಸುವುದು ನಮಗೆ ರೂಢಿಯಾಗಿಬಿಟ್ಟಿದೆ.

ಈ ರೂಢಿಯಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ. ಮೊದಲನೆಯದು ದುಡಿಮೆ. ಒಂದೇ ಅಂಗಡಿಯಲ್ಲಿ, ಒಂದೇ ಗಿರಣಿಯಲ್ಲಿ, ಒಂದೇ ಹೊಲದಲ್ಲಿ ದಿನವಿಡೀ ಜೊತೆಯಾಗಿ ದುಡಿಯುವ ತಂದೆ–ಮಗನಿಗೆ ಸಂಪ್ರದಾಯ, ಆಧುನಿಕತೆ ಎಂಬ ಮಾತುಗಳು ಅಷ್ಟಾಗಿ ಬೇಕಾಗುವುದಿಲ್ಲ. ಅವರ ಜಗಳ ಉದ್ರಿ ಬರೆಯುವ ವಹಿಯ ಬಗೆಗೆ, ಗಲ್ಲಾಪೆಟ್ಟಿಗೆಯ ಕೀಲಿಯ ಬಗೆಗೆ, ಯಾರು ಎಷ್ಟು ಹೊತ್ತಿಗೆ ಬಾಗಿಲು ತೆರೆದರು ಎಂಬುದರ ಬಗೆಗೆ ನಡೆಯುತ್ತದೆ. ಎರಡನೆಯದು ನಗೆ. ತಂದೆ–ಮಗನ ಜಗಳವನ್ನು ನಾವು ದುರಂತವಾಗಿ ಓದುತ್ತೇವೆ. ಆದರೆ ಓಣಿಯ ಜನ ಅದನ್ನು ನಗೆಯಾಗಿ ಕೇಳಿಸಿಕೊಳ್ಳುತ್ತಾರೆ. ಓಣಿಯ ಜನರ ಈ ಕೇಳುವಿಕೆಯೂ ಒಂದು ಗಂಭೀರವಾದ ಓದು ಎಂಬುದು ಪ್ರಸ್ತುತ ಬರಹದ ವಾದ. ಈ ವಾದಕ್ಕೆ ಆಧಾರವಾಗಿ ಇಂಗ್ಲೆಂಡಿನ ಒಂದು ದೂರದರ್ಶನ ನಾಟಕಮಾಲೆಯನ್ನು ಮುಂದಿಟ್ಟುಕೊಂಡಿದ್ದೇನೆ. ಕನ್ನಡ ವಿಭಾಗದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರಿಗೆ ಉತ್ತರವನ್ನು ಬರಹವೇ ಕೊಡಬೇಕು.

೨

ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಎಂಬ ಜೋಡಿ ಬರಹಗಾರರು ರಚಿಸಿದ ‘ಸ್ಟೆಪ್ಟೋ ಅಂಡ್ ಸನ್’ನ ಮೊದಲ ನಾಟಕ ೧೯೬೨ರ ಜನವರಿ ೫ರಂದು ಬಿಬಿಸಿಯಲ್ಲಿ ಪ್ರಸಾರವಾಯಿತು. ಅದರ ಹೆಸರು ‘ದಿ ಆಫರ್’. ಒಂದೇ ನಾಟಕವೆಂದು ಬರೆದದ್ದು ಜನರಿಗೆ ಹಿಡಿಸಿ ಮಾಲೆಯಾಯಿತು. ೧೯೬೨ರಿಂದ ೧೯೬೫ರವರೆಗೆ, ಮತ್ತೆ ೧೯೭೦ರಿಂದ ೧೯೭೪ರವರೆಗೆ ಅದು ನಡೆಯಿತು. ಲಂಡನ್ನಿನ ಬಡ ಬಡಾವಣೆಯೊಂದರಲ್ಲಿ ಕುದುರೆಗಾಡಿ ಹೊಡೆದುಕೊಂಡು ಹಳೆಯ ಬಟ್ಟೆ, ತಗಡು, ಮುರುಕು ಸಾಮಾನು ಕೊಂಡು ಮಾರುವ ತಂದೆ ಆಲ್ಬರ್ಟ್ ಮತ್ತು ಮಗ ಹೆರಾಲ್ಡ್ ಇದರ ಪಾತ್ರಗಳು. ದಕ್ಷಿಣದವರು ಗುಜರಿ ಎನ್ನುವ, ನಮ್ಮ ಭಾಗದವರು ಮೋಡಕಾ ಎನ್ನುವ ವ್ಯಾಪಾರವೇ ಇವರದು. ತಂದೆಯ ಪಾತ್ರವನ್ನು ವಿಲ್ಫ್ರಿಡ್ ಬ್ರಾಂಬೆಲ್ ಮಾಡಿದರು, ಮಗನದನ್ನು ಹ್ಯಾರಿ ಎಚ್. ಕಾರ್ಬೆಟ್ ಮಾಡಿದರು. ಇಬ್ಬರ ವಯಸ್ಸಿನಲ್ಲಿ ಇದ್ದ ಅಂತರ ಹದಿಮೂರು ವರ್ಷ ಮಾತ್ರ. ಕಾರ್ಬೆಟ್ ರಂಗಭೂಮಿಯಿಂದ ಬಂದ ಗಂಭೀರ ನಟರಾಗಿದ್ದರು. ನಗೆಗಾರರನ್ನು ಬಿಟ್ಟು ನಟರನ್ನೇ ಆರಿಸಿಕೊಂಡದ್ದು ಈ ಮಾಲೆಯ ಮುಖ್ಯ ನಿರ್ಧಾರಗಳಲ್ಲಿ ಒಂದು.

ಹೆರಾಲ್ಡನಿಗೆ ಮೂವತ್ತು ದಾಟಿದೆ. ಅವನು ಪುಸ್ತಕ ಓದುತ್ತಾನೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುತ್ತಾನೆ, ಒಳ್ಳೆಯ ಉಚ್ಚಾರಣೆಗೆ ಹೆಣಗುತ್ತಾನೆ, ಈ ಅಂಗಳದಿಂದ ಹೊರಗೆ ಹೋಗಬೇಕೆಂದು ಹಂಬಲಿಸುತ್ತಾನೆ. ತಂದೆ ಅವನ ಪ್ರತಿಯೊಂದು ಪ್ರಯತ್ನವನ್ನೂ ಕೆಡಿಸುತ್ತಾನೆ. ಅದಕ್ಕೆ ಅವನು ಬಳಸುವ ಉಪಾಯಗಳು ಮೂರು: ಗೇಲಿ, ಕುಯುಕ್ತಿ, ಎದೆನೋವು. ಮೊದಲ ನಾಟಕದ ಕೊನೆಯಲ್ಲಿ ಹೆರಾಲ್ಡ್ ತನ್ನ ಸಾಮಾನನ್ನೆಲ್ಲ ಗಾಡಿಯ ಮೇಲೆ ಹೇರಿ ಹೊರಡಲು ನಿಲ್ಲುತ್ತಾನೆ. ಕುದುರೆಯನ್ನು ತಂದೆ ಕೊಡುವುದಿಲ್ಲ. ಮಗ ತಾನೇ ಗಾಡಿಯನ್ನು ಎಳೆಯಲು ನೋಡುತ್ತಾನೆ. ಗಾಡಿ ಒಂದಿಂಚೂ ಸರಿಯುವುದಿಲ್ಲ. ಅವನು ಅಳುತ್ತಾನೆ. ತಂದೆ ಬಂದು ಚಹಾ ಕುಡಿಯೋಣವೆಂದು ಅವನನ್ನು ಮೆಲ್ಲಗೆ ಒಳಗೆ ಕರೆದೊಯ್ಯುತ್ತಾನೆ. ನಗೆನಾಟಕವೆಂದು ನೋಡಲು ಕುಳಿತವರ ಎದುರು ಒಬ್ಬ ವಯಸ್ಕ ಗಂಡಸು ನಿಜವಾಗಿಯೇ ಅತ್ತದ್ದು ಅಂದಿನ ದೂರದರ್ಶನಕ್ಕೆ ಹೊಸದು.

ಜನ ಇದನ್ನು ಎಷ್ಟು ತಮ್ಮದಾಗಿಸಿಕೊಂಡರೆಂಬುದಕ್ಕೆ ಒಂದು ಪ್ರಸಂಗ ಸಾಕು. ೧೯೬೪ರ ಅಕ್ಟೋಬರ್ ೧೫ರಂದು ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆ ಇತ್ತು. ಅಂದು ಸಂಜೆ ಈ ಮಾಲೆಯ ಒಂದು ಕಂತು ಪ್ರಸಾರವಾಗುವುದಿತ್ತು. ದುಡಿದು ಬಂದ ತಮ್ಮ ಮತದಾರರು ಅದನ್ನು ಬಿಟ್ಟು ಮತಗಟ್ಟೆಗೆ ಹೋಗಲಾರರೆಂಬ ಆತಂಕದಿಂದ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಬಿಬಿಸಿಯ ಮುಖ್ಯಸ್ಥರನ್ನು ಕೋರಿ ಪ್ರಸಾರದ ವೇಳೆಯನ್ನು ಮುಂದೆ ಹಾಕಿಸಿದರು. ಮುಂದೆ ಈ ಕಥೆ ದೇಶಾಂತರ ಹೋಯಿತು. ನೆದರ್ಲೆಂಡ್ಸ್ ಮತ್ತು ಸ್ವೀಡನ್ ದೇಶಗಳಲ್ಲಿ ಅಲ್ಲಿನ ಭಾಷೆಗೆ ಒಗ್ಗಿಸಿಕೊಂಡರು. ಅಮೆರಿಕದಲ್ಲಿ ೧೯೭೨ರಿಂದ ೧೯೭೭ರವರೆಗೆ ‘ಸ್ಯಾನ್‌ಫರ್ಡ್ ಅಂಡ್ ಸನ್’ ಎಂಬ ಹೆಸರಿನಲ್ಲಿ ಲಾಸ್ ಏಂಜಲೀಸಿನ ಕಪ್ಪುಜನರ ಬಡಾವಣೆಗೆ ಅದು ಒಗ್ಗಿತು. ಭಾಷೆ, ಬಣ್ಣ, ಊರು ಬದಲಾದರೂ ಮುದುಕನ ಎದೆನೋವು ಬದಲಾಗಲಿಲ್ಲ. ಸ್ಯಾನ್‌ಫರ್ಡ್ ಎದೆ ಹಿಡಿದುಕೊಂಡು ಸತ್ತ ಹೆಂಡತಿಯನ್ನು ಕೂಗಿ ಕರೆಯುವುದು ಆ ಮಾಲೆಯ ಪ್ರಸಿದ್ಧ ನಗೆಯಾಯಿತು.

೩

ಮೇಲಿನ ಕಾಲಾನುಕ್ರಮವನ್ನು ಕನ್ನಡದ ಒಂದು ಕಾಲಾನುಕ್ರಮದೊಂದಿಗೆ ಹೊಂದಿಸಿ ನೋಡಬೇಕು. ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ‘ಯಯಾತಿ’ಯನ್ನು ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ ೧೯೬೧ರಲ್ಲಿ ಅದನ್ನು ಪ್ರಕಟಿಸಿತು. ವಿದೇಶಕ್ಕೆ ಹೊರಟ ಮಗನ ಬಗೆಗೆ ಮನೆಯವರಿಗಿದ್ದ ಆತಂಕ, ಅವರ ನಿರೀಕ್ಷೆಯ ಭಾರ ಆ ನಾಟಕದ ಹಿಂದಿತ್ತೆಂಬುದನ್ನು ಲೇಖಕರೇ ಹಲವೆಡೆ ಹೇಳಿಕೊಂಡಿದ್ದಾರೆ. ಹೀಗೆ ‘ಯಯಾತಿ’ ಅಚ್ಚಾದ ಮರುವರ್ಷವೇ ‘ದಿ ಆಫರ್’ ಪ್ರಸಾರವಾಗಿದೆ. ಒಂದು ಇನ್ನೊಂದರ ಮೇಲೆ ಪ್ರಭಾವ ಬೀರಿತೆಂದು ಇಲ್ಲಿ ಹೇಳುತ್ತಿಲ್ಲ. ಹೊರಡಬೇಕೆನ್ನುವ ಮಗ, ಬಿಡಲಾರದ ತಂದೆ ಎಂಬ ಒಂದೇ ಸನ್ನಿವೇಶ ಒಂದೇ ಹೊತ್ತಿನಲ್ಲಿ ಎರಡು ಪ್ರಕಾರಗಳಲ್ಲಿ ಮೂಡಿದೆಯೆಂಬುದಷ್ಟೇ ನಾನು ಗಮನಕ್ಕೆ ತರುವ ವಿಷಯ.

ಎ.ಕೆ. ರಾಮಾನುಜನ್ ಅವರ ‘ದಿ ಇಂಡಿಯನ್ ಈಡಿಪಸ್’ ಎಂಬ ಲೇಖನ ಇಲ್ಲಿ ನೆರವಿಗೆ ಬರುತ್ತದೆ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಕಣ್ಣು ಮಂಜಾದ ಹೆಂಗಸೊಬ್ಬಳಿಂದ ತಾವು ಕೇಳಿದ ಕಥೆಯಿಂದಲೇ ಅವರು ಚರ್ಚೆಯನ್ನು ಕಟ್ಟುತ್ತಾರೆ. ಗ್ರೀಕ್ ಕಥೆಯಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ. ಭಾರತೀಯ ಕಥೆಗಳಲ್ಲಿ ಹೆಚ್ಚಾಗಿ ತಂದೆಯೇ ಮಗನ ಪ್ರಾಣವನ್ನೋ ಯೌವನವನ್ನೋ ಕಾಮವನ್ನೋ ಪಡೆದುಕೊಳ್ಳುತ್ತಾನೆ, ಮಗ ಅದನ್ನು ಒಪ್ಪಿಸುತ್ತಾನೆ ಎಂಬುದು ಅವರ ಮುಖ್ಯ ವಾದ. ಭೀಷ್ಮ, ಪುರು ಮೊದಲಾದವರು ಈ ಸಾಲಿನವರು. ಈ ವಾದದ ಬೆಳಕಿನಲ್ಲಿ ನೋಡಿದರೆ ಹೆರಾಲ್ಡ್ ಪಾಶ್ಚಾತ್ಯ ಮಗನೇ ಅಲ್ಲ. ಅವನು ತಂದೆಯನ್ನು ಕೊಲ್ಲುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ಅವನು ಪುರುವಿನ ಬಂಧು. ಯಯಾತಿ ಒಂದೇ ಸಲ ಬೇಡಿದ ಯೌವನವನ್ನು ಆಲ್ಬರ್ಟ್ ಕಂತು ಕಂತಾಗಿ ವಸೂಲು ಮಾಡುತ್ತಾನೆ. ಸಾಲಕ್ಕೂ ಧಾರಾವಾಹಿಗೂ ಕನ್ನಡದಲ್ಲಿ ‘ಕಂತು’ ಎಂಬ ಒಂದೇ ಮಾತಿರುವುದು ಇಲ್ಲಿ ಅರ್ಥಪೂರ್ಣವಾಗಿದೆ.

ಪ್ರಕಾರದ ವ್ಯತ್ಯಾಸ ಇಲ್ಲಿಯೇ ಮುಖ್ಯವಾಗುತ್ತದೆ. ದುರಂತ ಒಂದೇ ಸಲ ನಡೆದು ಮುಗಿಯುತ್ತದೆ. ಕಾರ್ನಾಡರು ತಾವಾಗಿ ಸೇರಿಸಿದ ಚಿತ್ರಲೇಖೆ ಸಾಯುತ್ತಾಳೆ, ಯಯಾತಿ ತನ್ನ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ, ಅರಿವು ಮೂಡುತ್ತದೆ. ನಗೆಮಾಲೆಯಲ್ಲಿ ಅರಿವು ಮೂಡುವುದಿಲ್ಲ. ಮೂಡಿದರೂ ಮುಂದಿನ ವಾರಕ್ಕೆ ಉಳಿಯುವುದಿಲ್ಲ. ಹೆರಾಲ್ಡ್ ಪ್ರತಿ ವಾರ ಹೊರಡುತ್ತಾನೆ, ಪ್ರತಿ ವಾರ ಉಳಿಯುತ್ತಾನೆ. ಇದನ್ನು ಪ್ರಕಾರದ ದೌರ್ಬಲ್ಯವೆಂದು ನಾವು ತಿಳಿದಿದ್ದೇವೆ. ಒಂದೇ ಸೂರಿನ ಕೆಳಗೆ ದುಡಿಯುವ ಕುಟುಂಬಗಳನ್ನು ಬಲ್ಲವರಿಗೆ ಇದೇ ವಾಸ್ತವವೆಂದು ಗೊತ್ತಿದೆ. ಹೆಚ್ಚಿನ ಮನೆಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ, ಯಾರಿಗೂ ಅರಿವು ಮೂಡುವುದಿಲ್ಲ. ಮರುದಿನ ಮುಂಜಾನೆ ಅಂಗಡಿಯ ಬಾಗಿಲನ್ನು ತೆರೆಯಲೇಬೇಕಾಗುತ್ತದೆ.

೪

ಹಾಗೆಂದು ಆ ಮಾಲೆಯನ್ನು ನಮ್ಮ ಮನೆಗಳ ಮೇಲೆ ನೇರವಾಗಿ ಹೊದಿಸಲು ಬರುವುದಿಲ್ಲ. ಎರಡು ವ್ಯತ್ಯಾಸಗಳನ್ನು ಗುರುತಿಸಬೇಕು. ಮೊದಲನೆಯದು ಪಾಲಿನದು.

ಆಲ್ಬರ್ಟನ ಅಂಗಳದಲ್ಲಿ ಹೆರಾಲ್ಡನಿಗೆ ಹುಟ್ಟಿನಿಂದ ಬಂದ ಹಕ್ಕು ಯಾವುದೂ ಇಲ್ಲ. ತಂದೆ ಕೊಟ್ಟರೆ ಉಂಟು, ಬಿಟ್ಟರೆ ಇಲ್ಲ. ನಮ್ಮಲ್ಲಿ ಹಾಗಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಸಾಧಿಸಿತು. ತಂದೆ ತೀರಿಕೊಂಡ ಮೇಲಷ್ಟೇ ಹಕ್ಕು ಬರುತ್ತದೆಂಬ ಬಂಗಾಳದ ‘ದಾಯಭಾಗ’ದ ನಿಲುವು ಇದಕ್ಕೆ ಎದುರಾದುದು. ಭಾರತದ ಬಹುಭಾಗಕ್ಕೆ ತಂದೆ–ಮಗನ ಲೆಕ್ಕವನ್ನು ಹಾಕಿಕೊಟ್ಟ ಗ್ರಂಥ ಕನ್ನಡ ನೆಲದಲ್ಲಿ ಹುಟ್ಟಿದೆ. ಇದನ್ನು ನಾವು ಚರಿತ್ರೆಯ ಪಾಠದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಸಾಹಿತ್ಯದ ಪಾಠದಲ್ಲಿ ಮರೆತುಬಿಡುತ್ತೇವೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆ ಈ ವ್ಯವಸ್ಥೆಯನ್ನು ಬಹಳಷ್ಟು ಬದಲಿಸಿತು. ಕರ್ನಾಟಕ ೧೯೯೪ರಲ್ಲಿ, ಇಡೀ ದೇಶ ೨೦೦೫ರಲ್ಲಿ ಹೆಣ್ಣುಮಕ್ಕಳನ್ನೂ ಸಮಪಾಲಿನವರನ್ನಾಗಿ ಮಾಡಿದವು. ಆದರೂ ‘ಪಿತ್ರಾರ್ಜಿತ’, ‘ಸ್ವಯಾರ್ಜಿತ’ ಎಂಬ ಎರಡು ಸಂಸ್ಕೃತ ಶಬ್ದಗಳು ಅಕ್ಷರ ಬಾರದವರ ನಾಲಗೆಯ ಮೇಲೂ ನಿಂತಿವೆ. ‘ಇದು ನಾ ಕಟ್ಟಿದ್ದು’ ಎಂದು ತಂದೆ, ‘ಅಜ್ಜನ ಹೊಲದ ರೊಕ್ಕದಾಗ ಕಟ್ಟಿದ್ದು’ ಎಂದು ಮಗ ವಾದಿಸುವಾಗ ಅವರು ವಿಜ್ಞಾನೇಶ್ವರನ ಮಾತನ್ನೇ ಆಡುತ್ತಿರುತ್ತಾರೆ.

ಸ್ಟೆಪ್ಟೋ ಮಾಲೆಯ ೧೯೭೨ರ ಒಂದು ಕಂತು ಈ ದೃಷ್ಟಿಯಿಂದ ಕುತೂಹಲಕರವಾಗಿದೆ. ಮನೆಯ ಬಣ್ಣದ ಬಗೆಗೆ ಎದ್ದ ಜಗಳ ಬೆಳೆದು ಹೆರಾಲ್ಡ್ ಮನೆಯ ನಡುವೆಯೇ ಅಡ್ಡಗೋಡೆ ಎಬ್ಬಿಸುತ್ತಾನೆ. ದಾಟಲು ನಾಣ್ಯ ಹಾಕಿದರೆ ತಿರುಗುವ ಗೇಟು ಇಡುತ್ತಾನೆ. ದೂರದರ್ಶನ ಪೆಟ್ಟಿಗೆಯೂ ಗೋಡೆಯ ನಡುವೆ ಸಿಕ್ಕು ಇಬ್ಬರಿಗೂ ಅರ್ಧರ್ಧ ಕಾಣುತ್ತದೆ. ಕೊನೆಗೆ ಬೆಂಕಿ ಬೀಳುತ್ತದೆ. ಇಂಗ್ಲೆಂಡಿನ ಪ್ರೇಕ್ಷಕರಿಗೆ ಇದು ಅಸಂಗತವಾದ ಕಲ್ಪನೆಯಾಗಿ ಕಂಡಿರಬೇಕು. ನಮ್ಮ ಹಳ್ಳಿಗಳ ಪಡಸಾಲೆಗಳನ್ನು ನೋಡಿದವರಿಗೆ ಇದರಲ್ಲಿ ಅಸಂಗತವೇನೂ ಕಾಣದು. ಒಂದೇ ತೊಲೆಯ ಕೆಳಗೆ ಎದ್ದ ಅಡ್ಡಗೋಡೆ, ಅರ್ಧರ್ಧ ಹಂಚಿಹೋದ ದೇವರ ಜಗಲಿ, ಎರಡು ಮನೆಗೆ ಒಂದೇ ಹಿತ್ತಲಬಾಗಿಲು ಇವು ಇಲ್ಲಿನ ನಿತ್ಯದ ವಾಸ್ತುಶಿಲ್ಪ. ಅಲ್ಲಿ ನಗೆಗಾಗಿ ಕಲ್ಪಿಸಿದ್ದು ಇಲ್ಲಿ ದಸ್ತಾವೇಜು. ಹೀಗಿದ್ದೂ ಪಾಲಿನ ಪ್ರಸಂಗ ನಮ್ಮ ಕಾದಂಬರಿಗಳಲ್ಲಿ ಬಹುಮಟ್ಟಿಗೆ ಕುಟುಂಬದ ಅವನತಿಯ ಸಂಕೇತವಾಗಿಯೇ ಬರುತ್ತದೆಂಬುದನ್ನು ಗಮನಿಸಬೇಕು.

೫

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದುದು. ಅದನ್ನು ಹೇಳಲು ನನ್ನ ಮನೆಗೆ ಬರಬೇಕಾಗುತ್ತದೆ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ ನನ್ನ ಊರು. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗು ಅದು. ಕಲಘಟಗಿಯೆಂದರೆ ಹೊರಗಿನವರಿಗೆ ನೆನಪಾಗುವುದು ಬಣ್ಣದ ತೊಟ್ಟಿಲು. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದ ಆ ತೊಟ್ಟಿಲುಗಳು ಚಿತ್ರಗಾರ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದ ಕಸುಬು. ನಮ್ಮದು ಅಂಥ ಕಲೆಯ ಮನೆತನವಲ್ಲ, ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು, ಅಣ್ಣ ನಡೆಸುತ್ತಾನೆ. ನಡೆಸುತ್ತಾನೆ ಎಂಬ ಕ್ರಿಯಾಪದವನ್ನು ಅಪ್ಪ ಒಪ್ಪುವುದಿಲ್ಲ.

ಅವರಿಬ್ಬರ ಜಗಳವನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಕಲ್ಲಿಗೆ ಚಾಣ ಹೊಡೆಯುವುದು ಯಾವಾಗ, ಖಾರಪುಡಿಯ ಮಷೀನು ಹಾಕಬೇಕೋ ಬೇಡವೋ, ಹಾಕಿದರೆ ಜೋಳದ ಹಿಟ್ಟಿಗೆ ಘಾಟು ಹತ್ತುತ್ತದೆಯೋ ಇಲ್ಲವೋ ಎಂಬ ವಿಷಯಗಳು ವರ್ಷಗಟ್ಟಲೆ ನಡೆದಿವೆ. ಈಚೆಗೆ ಮೊಬೈಲಿನಲ್ಲಿ ರೊಕ್ಕ ಹಾಕಿಸಿಕೊಳ್ಳುವ ಚೌಕಟ್ಟಿನ ಚೀಟಿಯನ್ನು ಅಣ್ಣ ಗೋಡೆಗೆ ಹಚ್ಚಿದ. ಕೈಗೆ ಬಾರದ್ದು ರೊಕ್ಕವಲ್ಲವೆಂದು ಅಪ್ಪ ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದ. ಆದರೆ ಈ ಮೂವತ್ತು ವರ್ಷಗಳಲ್ಲಿ ಅವರು ಒಬ್ಬರಿಗೊಬ್ಬರು ನೇರವಾಗಿ ಆಡಿದ ಜಗಳದ ಮಾತು ಬಹಳ ಕಡಿಮೆ. ಜಗಳವೆಲ್ಲ ಅವ್ವನ ಮೂಲಕ ನಡೆಯುತ್ತಿತ್ತು. ‘ಯವ್ವಾ, ಅಪ್ಪಗ ಹೇಳಬೇ, ಪಟ್ಟಾ ಹರದೈತಿ ಅಂತ’ ಎಂದು ಅಣ್ಣ ಅನ್ನುತ್ತಿದ್ದ. ಎರಡು ಮಾರು ದೂರದಲ್ಲಿ ಕುಳಿತ ಅಪ್ಪ, ‘ನಿನ್ನ ಮಗಗ ಹೇಳು, ಪಟ್ಟಾ ಹರದಿಲ್ಲ, ಅವನ ಲಕ್ಷ್ಯ ಹರದೈತಿ’ ಎನ್ನುತ್ತಿದ್ದ. ಅವ್ವ ಏನನ್ನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ರೊಟ್ಟಿ ಬಡಿಯುತ್ತ ನಡುವೆ ಕುಳಿತಿರುವುದೇ ಅವಳ ಕೆಲಸವಾಗಿತ್ತು. ನಾನು ಎಂ.ಎ. ಮುಗಿಸಿ ಪಿಎಚ್.ಡಿ. ಸೇರಿದಾಗಲೂ ಅಪ್ಪನ ಅಭಿಪ್ರಾಯ ಅದೇ ದಾರಿಯಲ್ಲಿ ಬಂತು: ‘ಅಂವಗ ಹೇಳು, ಹಿಟ್ಟು ಬೀಸೋದು ಬಿಟ್ಟು ಮಾತು ಬೀಸಾಕ ಹೊಂಟಾನ.’ ಹಿಟ್ಟು ಬೀಸಿಸಲು ಬಂದ ಓಣಿಯ ಹೆಂಗಸರು ಈ ಮಾತನ್ನು ನಗುತ್ತ ಮನೆಮನೆಗೆ ಒಯ್ದರು.

ಆಲ್ಬರ್ಟ್ ಮತ್ತು ಹೆರಾಲ್ಡರ ನಡುವೆ ತಾಯಿ ಇಲ್ಲ. ಅವಳು ತೀರಿಕೊಂಡಿರುವುದರಿಂದಲೇ ಅವರು ಮುಖಕ್ಕೆ ಮುಖ ಕೊಟ್ಟು ಬೈದಾಡುತ್ತಾರೆ. ನಮ್ಮಲ್ಲಿ ತಂದೆಗೆ ಎದುರುಮಾತಾಡಬಾರದೆಂಬ ಮರ್ಯಾದೆ ಇದೆ. ಆ ಮರ್ಯಾದೆಯನ್ನು ಮುರಿಯದೆ ಎದುರುಮಾತಾಡುವ ಉಪಾಯವೇ ಈ ನಡುವಿನವರ ಮಾತು. ಆಡುವವನು ಒಬ್ಬ, ಕೇಳಬೇಕಾದವನು ಇನ್ನೊಬ್ಬ, ಸಂಬೋಧನೆ ಮೂರನೆಯವಳಿಗೆ. ಇದು ಭಾಷಾಶಾಸ್ತ್ರದ ದೃಷ್ಟಿಯಿಂದಲೂ ನಾಟಕದ ದೃಷ್ಟಿಯಿಂದಲೂ ಅಧ್ಯಯನಕ್ಕೆ ಯೋಗ್ಯವಾದ ರಚನೆ. ಇದರಲ್ಲಿ ಹೆಣ್ಣಿನ ಸ್ಥಾನವೂ ಪ್ರಶ್ನೆಗೆ ಒಳಗಾಗಬೇಕು. ಗಂಡಸರ ಜಗಳ ಗಂಡಸರ ಆಸ್ತಿಯ ಬಗೆಗೆ ನಡೆಯುವಾಗ ಅದನ್ನು ಹೊತ್ತು ಸಾಗಿಸುವ ಭಾರ ಪಾಲಿಲ್ಲದ ಹೆಂಗಸಿನ ಮೇಲಿದೆ. ಅವ್ವನ ಮೌನವನ್ನು ತಾಳ್ಮೆಯೆಂದು ಹೊಗಳಿ ಮುಗಿಸಿದರೆ ಈ ಭಾರ ನಮಗೆ ಕಾಣುವುದಿಲ್ಲ.

ಇದು ನನ್ನ ಮನೆಯೊಂದರ ವಿಶೇಷವಲ್ಲವೆಂಬುದಕ್ಕೆ ಆರ್.ಕೆ. ನಾರಾಯಣ್ ಅವರ ‘ದಿ ವೆಂಡರ್ ಆಫ್ ಸ್ವೀಟ್ಸ್’ ಸಾಕ್ಷಿ. ೧೯೬೭ರಲ್ಲಿ ಬಂದ ಈ ಕಾದಂಬರಿಯ ಮಿಠಾಯಿ ವ್ಯಾಪಾರಿ ಜಗನ್ ಹೆಂಡತಿಯನ್ನು ಕಳೆದುಕೊಂಡವನು, ಗಾಂಧಿವಾದಿ. ಆದರೂ ಸಂಜೆ ಆರರ ನಂತರದ ಗಳಿಕೆಯನ್ನು ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಇಡುವವನು. ಮಗ ಮಾಲಿ ಅಮೆರಿಕದಿಂದ ಬಂದು ಕಥೆ ಬರೆಯುವ ಯಂತ್ರದ ಕಾರ್ಖಾನೆಗೆ ತಂದೆಯ ಹಣ ಕೇಳುತ್ತಾನೆ. ಈ ತಂದೆ–ಮಗ ಎದುರುಬದುರು ನಿಂತು ಮಾತಾಡಲಾರರು. ಊರಿಗೆಲ್ಲ ಬಂಧುವಾದ ಒಬ್ಬ ‘ಕಸಿನ್’ ಇಬ್ಬರ ನಡುವೆ ಸುದ್ದಿ ಒಯ್ಯುತ್ತಾನೆ. ಅಂದರೆ ತಾಯಿಯ ಜಾಗ ಖಾಲಿಯಾದರೆ ಅದನ್ನು ತುಂಬಲು ಇನ್ನೊಬ್ಬರು ಬೇಕೇ ಬೇಕು. ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಈ ಕಥೆಯೂ ಇತ್ತು. ಜಗನ್ ಪಾತ್ರವನ್ನು ಅನಂತನಾಗ್ ವಹಿಸಿದ್ದರು. ಆಗುಂಬೆಯ ಬೀದಿಯಲ್ಲಿ ಚಿತ್ರಿತವಾದ, ಕನ್ನಡ ಕಲಾವಿದರಿಂದ ತುಂಬಿದ ಆ ಧಾರಾವಾಹಿ ಪ್ರಸಾರವಾದದ್ದು ಹಿಂದಿಯಲ್ಲಿ. ಅಂಗಡಿಯ ತಂದೆ–ಮಗನ ಕಥೆ ನಮ್ಮ ನೆಲಕ್ಕೆ ಬಂದಿತ್ತು, ನಮ್ಮ ಮಾತಿಗೆ ಬರಲಿಲ್ಲ.

೬

ಪಶ್ಚಿಮದ ದುರಂತವನ್ನು ಕನ್ನಡ ಆದರದಿಂದ ಬರಮಾಡಿಕೊಂಡಿದೆ. ಬಿ.ಎಂ.ಶ್ರೀ. ಅವರು ಸೊಫೋಕ್ಲಿಸ್‌ನ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಮಾಡಿದರು. ಲಂಕೇಶರು ಈಡಿಪಸ್ಸನನ್ನು ಕನ್ನಡಕ್ಕೆ ತಂದರು. ಇವು ನಮ್ಮ ಪಠ್ಯಕ್ರಮದಲ್ಲಿ ಗಟ್ಟಿಯಾಗಿ ನಿಂತಿವೆ. ನಗೆಯ ವಿಷಯದಲ್ಲಿ ಈ ಆದರ ಕಡಿಮೆ. ಮೂರ್ತಿರಾಯರ ‘ಆಷಾಢಭೂತಿ’ಯ ಮೂಲವಾದ ಮೋಲಿಯೇರನ ನಾಟಕದಲ್ಲಿ ತಂದೆ ಮಗನನ್ನು ಮನೆಯಿಂದ ಹೊರದೂಡಿ ಆಸ್ತಿಯನ್ನು ಕಪಟಿಗೆ ಬರೆದುಕೊಡುವುದು ಮುಖ್ಯ ತಿರುವು. ನಾವು ಆ ನಾಟಕವನ್ನು ಬೂಟಾಟಿಕೆಯ ವಿಡಂಬನೆಯೆಂದು ಪಾಠ ಮಾಡುತ್ತೇವೆ. ಆಸ್ತಿಪತ್ರದ ಬಗೆಗೆ ಮಾತಾಡುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ೨೦೧೩ರಲ್ಲಿ ಬಂದ ಮೇಲೆ ಸ್ಥಿತಿ ಸ್ವಲ್ಪ ಬದಲಾಗಿದೆ. ಸೋನಾ ಮಸಾಲಾ ಎಂಬ ಮನೆತನದ ವ್ಯಾಪಾರ, ಸಂಬಳವಷ್ಟೇ ಪಡೆದು ಸುಮ್ಮನಿರುವ ಮಗ, ಅಪ್ಪ ತನ್ನ ಪಾಲನ್ನು ಯಾರಿಗಾದರೂ ದಾನವಾಗಿ ಬರೆದುಬಿಟ್ಟಾನೆಂಬ ಮನೆಯವರ ಒಳಭಯ ಇವೆಲ್ಲ ಅದರಲ್ಲಿವೆ. ಅದರ ನಗೆ ಎಷ್ಟು ತೆಳುವಾಗಿ ಹರಿದಿದೆಯೆಂದರೆ ವಿಮರ್ಶೆ ಅದನ್ನು ದಾಟಿ ನೇರವಾಗಿ ಜಾಗತೀಕರಣಕ್ಕೆ ಹೋಗಿಬಿಡುತ್ತದೆ.

ದೃಶ್ಯಮಾಧ್ಯಮವನ್ನು ನೋಡಿದರೂ ಇದೇ ಕೊರತೆ. ದೂರದರ್ಶನದ ‘ಕ್ರೇಜಿ ಕರ್ನಲ್’, ೨೦೦೦ದ ದಶಕದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಜನಪ್ರಿಯವಾದವು. ಅವುಗಳ ಲೋಕ ನಗರದ ಮಧ್ಯಮವರ್ಗದ್ದು, ಮಾತು ದಕ್ಷಿಣದ್ದು. ದುಡಿಮೆ ಅವುಗಳಲ್ಲಿ ಹಿನ್ನೆಲೆಯಾಗಿತ್ತು. ಧಾರವಾಡ ಸೀಮೆಯ ಮಾತಿನ ನಗೆಗೆ ಮೊದಲಿನಿಂದ ಆಸರೆ ಕೊಟ್ಟದ್ದು ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ. ಊರ ಮಾತಿನ ಸಂಭಾಷಣೆ, ರೂಪಕಗಳು ಅಲ್ಲಿಂದ ಮನೆಮನೆಗೆ ಬಂದವು. ಸ್ಟೆಪ್ಟೋ ಮಾಲೆಯ ಚರಿತ್ರೆಯಲ್ಲಿ ಇಲ್ಲಿ ನಮಗೊಂದು ಎಚ್ಚರಿಕೆಯಿದೆ. ಬಿಬಿಸಿ ಆ ಕಾಲದ ಎಷ್ಟೋ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ೧೯೭೦ರ ದಶಕದ ಅನೇಕ ಕಂತುಗಳ ಬಣ್ಣದ ಪ್ರತಿಗಳು ಹಾಗೆ ಹೋದವು. ಬರಹಗಾರರು ತಮ್ಮ ಬಳಿ ಇಟ್ಟುಕೊಂಡಿದ್ದ ಕಪ್ಪು–ಬಿಳುಪು ಪ್ರತಿಗಳಿಂದಾಗಿ ಅವು ಇಂದು ಉಳಿದಿವೆ. ನಗೆಯನ್ನು ಉಳಿಸತಕ್ಕ ವಸ್ತುವೆಂದು ಸಂಸ್ಥೆಗಳು ತಿಳಿಯುವುದು ತಡವಾಗಿ ಎಂಬುದು ಇದರ ಪಾಠ.

ಆದ್ದರಿಂದ ಮೂರು ಕೆಲಸಗಳನ್ನು ಕನ್ನಡ ವಿಭಾಗಗಳ ಮುಂದೆ ಇಡಬಯಸುತ್ತೇನೆ. ಒಂದು, ಜಾನಪದ ಸಂಗ್ರಹವೆಂದರೆ ಹಾಡು, ಕಥೆ, ಒಗಟುಗಳಷ್ಟೇ ಎಂಬ ಮಿತಿಯನ್ನು ದಾಟಿ, ಅಂಗಡಿ, ಗಿರಣಿ, ಕಮ್ಮಾರಸಾಲೆಗಳಲ್ಲಿ ನಡೆಯುವ ದುಡಿಮೆಯ ಮಾತನ್ನೂ ಜಗಳವನ್ನೂ ಸಂಬಂಧಪಟ್ಟವರ ಒಪ್ಪಿಗೆ ಪಡೆದು ದಾಖಲಿಸಬೇಕು. ಎರಡು, ಆಕಾಶವಾಣಿಯ ಹಳೆಯ ಸಂಭಾಷಣೆಗಳ ಹಸ್ತಪ್ರತಿ ಮತ್ತು ಧ್ವನಿಮುದ್ರಿಕೆಗಳು ಸಿಕ್ಕಲ್ಲೆಲ್ಲ ಅವುಗಳ ಸೂಚಿಯನ್ನು ಸಿದ್ಧಪಡಿಸಬೇಕು. ಹಿಂದೆ ಇದ್ದ ಎಂ.ಫಿಲ್. ಮಟ್ಟದ ಒಂದು ವರ್ಷದ ಶ್ರಮಕ್ಕೆ ಮೀರಿದ ಕೆಲಸವೇನೂ ಇದಲ್ಲ. ಮೂರು, ತೌಲನಿಕ ಅಧ್ಯಯನದ ಪತ್ರಿಕೆಯಲ್ಲಿ ದುರಂತದ ಜೊತೆಗೆ ನಗೆಯ ಒಂದು ಪಠ್ಯವಾದರೂ ಇರಬೇಕು. ‘ಯಯಾತಿ’ಯ ಪಕ್ಕದಲ್ಲಿ ‘ದಿ ಆಫರ್’ ಇಟ್ಟು ಪಾಠ ಮಾಡಿದರೆ ವಿದ್ಯಾರ್ಥಿಗಳು ಎರಡನ್ನೂ ಹೆಚ್ಚು ಚೆನ್ನಾಗಿ ಓದಬಲ್ಲರೆಂದು ನಂಬಿದ್ದೇನೆ.

ಈ ವಿಷಯವನ್ನು ನಾನು ಸಂಶೋಧನೆಯ ಸಾರಲೇಖದಲ್ಲಿ ಒಂದು ಅಧ್ಯಾಯವಾಗಿ ಸೇರಿಸಿದಾಗ, ಇದು ಸಾಹಿತ್ಯವಲ್ಲ, ಕಾಲಹರಣದ ವಸ್ತು ಎಂಬ ಆಕ್ಷೇಪ ಬಂತು. ಆಕ್ಷೇಪಿಸಿದ ಹಿರಿಯರ ಮೇಲೆ ನನಗೆ ಗೌರವವಿದೆ. ಆದರೂ ಒಂದು ಮಾತು ಹೇಳಬೇಕು. ನನ್ನ ಓರಗೆ ಕನ್ನಡ ಎಂ.ಎ. ಮಾಡಿದ ಹಳ್ಳಿಯ ಗೆಳೆಯರಲ್ಲಿ ಹಲವರು ಅತಿಥಿ ಉಪನ್ಯಾಸಕರು. ಕಾಲೇಜಿನ ರಜೆ ಬಂದೊಡನೆ ಅವರು ಅಪ್ಪನ ಕಿರಾಣಿ ಅಂಗಡಿಗೆ, ಹೊಲಕ್ಕೆ, ಗಿರಣಿಗೆ ಮರಳುತ್ತಾರೆ. ಪಂಪನನ್ನು ಪಾಠ ಮಾಡಿದ ಬಾಯಿಯಲ್ಲಿ ಬೆಲ್ಲದ ದರ ಹೇಳುತ್ತಾರೆ. ಎಷ್ಟು ಓದಿದರೂ ಇಲ್ಲಿಗೇ ಬಂದೆಯಲ್ಲ ಎಂಬ ಅಪ್ಪನ ಗೇಲಿಯನ್ನು ಕೇಳುತ್ತಾರೆ. ಪುಸ್ತಕ ಓದುವ ಹೆರಾಲ್ಡನನ್ನು ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ವಿಭಾಗಗಳೇ ಅವನನ್ನು ತಯಾರು ಮಾಡಿವೆ. ನಾವು ತಯಾರು ಮಾಡಿದವನ ಬದುಕನ್ನು ಓದಲು ಬೇಕಾದ ಪರಿಭಾಷೆಯನ್ನೂ ನಾವೇ ತಯಾರು ಮಾಡಬೇಕಲ್ಲವೇ?

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಕೆಲವು ತಿಂಗಳು ಗಿರಣಿಯಲ್ಲಿ ಜಗಳ ನಿಂತಿತ್ತು. ಓಣಿಯವರು ಒಳ್ಳೆಯದಾಯಿತೆಂದರು. ಒಳಗಿದ್ದವರಿಗೆ ಮಾತ್ರ ಅದು ಒಳ್ಳೆಯದಲ್ಲವೆಂದು ಗೊತ್ತಿತ್ತು. ಜಗಳವಾಡಲು ನಡುವೆ ಯಾರೂ ಇಲ್ಲದೆ ಇಬ್ಬರೂ ಮಾತನ್ನೇ ಬಿಟ್ಟಿದ್ದರು. ಈಗ ಅಣ್ಣನ ಏಳು ವರ್ಷದ ಮಗ ಆ ಕೆಲಸ ವಹಿಸಿಕೊಂಡಿದ್ದಾನೆ. ಅವನು ಅವ್ವನಂತೆ ಸುಮ್ಮನೆ ಕೂಡುವುದಿಲ್ಲ. ಹೇಳಿದ್ದನ್ನು ನಿಜವಾಗಿಯೂ ಒಯ್ದು ಮುಟ್ಟಿಸುತ್ತಾನೆ, ತನ್ನದೂ ಒಂದಿಷ್ಟು ಸೇರಿಸುತ್ತಾನೆ. ಕಳೆದ ರಜೆಯಲ್ಲಿ ಅವನು ಕ್ಯಾಲೆಂಡರನ್ನು ಎತ್ತಿ, ‘ಅಜ್ಜಾ, ಅಪ್ಪ ಅಂತಾನ, ಇದರ ಹಿಂದ ನಿನ್ನ ರೊಕ್ಕ ಅಡಗಿ ಕುಂತೈತಂತ’ ಎಂದ. ಅಣ್ಣ ಹಾಗೆ ಹೇಳಿರಲಿಲ್ಲ. ಅಪ್ಪ ಗೋಡೆಯ ಕಡೆಗೆ, ಅಣ್ಣ ಗಿರಣಿಯ ಕಡೆಗೆ ಮುಖ ತಿರುಗಿಸಿಕೊಂಡು ನಕ್ಕರು. ಕ್ಯಾಲೆಂಡರು ಇನ್ನೂ ಅಲ್ಲಿಯೇ ತೂಗುತ್ತಿದೆ.